ತುಟಿ ತೋರಿದ ಕಡೆ

“ಬೇಕಾದ್ದನ್ನ ಬೆರಳು ಮಾಡಿ ತೋರಿಸ್ತಾಳಾ?” ಎಂದು ಡಾಕ್ಟರ್ ಇವೊನ್ ಕೇಳಿದಾಗ, ಯಾದಿರಾ ಬಾಯಿ ತೆರೆಯುವ ಮೊದಲೇ ಅವಳ ತಾಯಿ ಎಮೆರಿತಾ ನಕ್ಕುಬಿಟ್ಟಳು.

“ಬೆರಳು ಮಾಡಿ ತೋರ್ಸೋಕೆ ಅವಳೇನು ಪೊಲೀಸಾ ಡಾಕ್ಟ್ರಮ್ಮ? ಆಕಾಶಕ್ಕೆ ಬೆರಳು ಮಾಡಿದ್ರೆ ಕೈಮೇಲೆ ನರೂಲಿ ಏಳ್ತವೆ, ಹೀಚಿಗೆ ಬೆರಳು ಮಾಡಿದ್ರೆ ಕಾಯಿ ಕೊಳೆಯುತ್ತೆ. ನಮ್ಮ ಮನೇಲಿ ಯಾರೂ ಬೆರಳು ಮಾಡಲ್ಲ.”

ಮಸಾಯಾ ಊರಿನ ಆರೋಗ್ಯ ಕೇಂದ್ರದ ಹಿಂದಿನ ಕೋಣೆ ಅದು. ನೆಲಕ್ಕೆ ಹಾಸಿದ ನೀಲಿ ಚಾಪೆಯ ಮೇಲೆ ಯಾದಿರಾಳ ಮಗಳು, ನಾಲ್ಕು ವರ್ಷದ ನಯೇಲಿ, ಆಟಿಕೆಯ ಲಾರಿಯನ್ನು ಬೋರಲು ಹಾಕಿಕೊಂಡು ಅದರ ಒಂದೇ ಚಕ್ರವನ್ನು ತಿರುಗಿಸುತ್ತಿದ್ದಳು. ಹೆಸರು ಹಿಡಿದು ಕರೆದಾಗ ಅವಳು ತಿರುಗಿರಲಿಲ್ಲ. ಸೋಪಿನ ಗುಳ್ಳೆ ಊದಿದಾಗ ಗುಳ್ಳೆಯನ್ನು ನೋಡಿದ್ದಳು, ಊದಿದವರನ್ನು ನೋಡಿರಲಿಲ್ಲ. ಹಾಲೆಂಡಿನಿಂದ ಬಂದ ಸಂಶೋಧಕ ಹೆಂಡ್ರಿಕ್ ತನ್ನ ಉದ್ದನೆಯ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೂಲೆಯಲ್ಲಿ ಮುದುಡಿ ಕುಳಿತು ಇದನ್ನೆಲ್ಲ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ.

ಆಟಿಸಂ ಮಕ್ಕಳಿಗೆ ಎಲ್ಲಿಂದ ಬರುತ್ತದೆ, ಎಷ್ಟು ಬೇಗ ಅದನ್ನು ಗುರುತಿಸಬಹುದು, ಹೇಗೆ ಕಲಿಸಿದರೆ ಮಗು ಮುಂದೆ ಬರುತ್ತದೆ ಎಂದು ತಿಳಿಯುವುದಕ್ಕಾಗಿ ಈ ತಂಡ ಊರೂರು ಸುತ್ತುತ್ತಿತ್ತು. ಆಟಿಸಂ ಇದೆಯೆಂದು ಅವರು ಆರಿಸಿಕೊಂಡ ಮಕ್ಕಳ ಮನೆಗೆ ಎರಡು ವರ್ಷ ಟೀಚರೊಬ್ಬಳು ವಾರವಾರವೂ ಬಂದು ಕಲಿಸುವಳು, ಕಾಸು ಕೊಡಬೇಕಾಗಿರಲಿಲ್ಲ. ಮಸಾಯಾದಲ್ಲಿ ಅಂಥ ಟೀಚರು ಬೇರೆ ಇರಲಿಲ್ಲ. ಯಾದಿರಾ ಈ ದಿನಕ್ಕಾಗಿ ಈಸ್ಟರಿನಿಂದ ಕಾಯುತ್ತಿದ್ದಳು. ಎಮೆರಿತಾಳಿಗೆ ಮನಸ್ಸಿರಲಿಲ್ಲ. ಮಗುವಿಗೆ ಅಂಥದೊಂದು ಹೆಸರು ಅಂಟಿತೆಂದರೆ ಹಲಸಿನ ಮೇಣದ ಹಾಗೆ, ಎಷ್ಟು ಉಜ್ಜಿದರೂ ಹೋಗದು ಎಂಬುದು ಅವಳ ಮಾತು. ಆದರೂ ಬಂದಿದ್ದಳು. ಮೊಮ್ಮಗಳ ಪರವಾಗಿ ಒಬ್ಬರಾದರೂ ಮಾತಾಡಬೇಡವೇ?

ಬೆಳಿಗ್ಗೆ ಯಾದಿರಾ, ನಯೇಲಿ ಇಬ್ಬರ ಕೆನ್ನೆಯ ಒಳಗಿಂದಲೂ ಹತ್ತಿಕಡ್ಡಿಯಲ್ಲಿ ಉಗುಳು ತೆಗೆದುಕೊಂಡಿದ್ದರು. ಮನೆತನದಲ್ಲಿ ಹರಿದು ಬಂದದ್ದೆಲ್ಲ ಅದರಲ್ಲಿ ಕಾಣುತ್ತದೆ ಎಂದಿದ್ದಳು ನರ್ಸ್ ಸೊಕೋರೊ. “ಹಾಗಾದ್ರೆ ಈ ಮಗೂನ ಅಪ್ಪ ಓಡಿಹೋದ ಕಾಲೂ ಅದ್ರಲ್ಲಿ ಕಾಣ್ಬೇಕಲ್ಲ,” ಎಂದು ಎಮೆರಿತಾ ಹೇಳಿದ್ದಕ್ಕೆ ಸಾಲಿನಲ್ಲಿ ಕುಳಿತ ಹೆಂಗಸರೆಲ್ಲ ನಕ್ಕಿದ್ದರು, ಯಾದಿರಾಳನ್ನು ಬಿಟ್ಟು.

ಈಗ ಡಾಕ್ಟರ್ ಇವೊನ್ ಹೆಂಡ್ರಿಕ್ಕನ ಕಡೆ ತಿರುಗಿದಳು. “ಇಲ್ಲ ಅಂತ ಹಾಕ್ಬೇಡಿ, ತಡೀರಿ. ಹೋದ ವರ್ಷ ನಾವು ಮೋಸ ಹೋಗಿದ್ದು ಈ ಪ್ರಶ್ನೇಲೇ ಅಲ್ವಾ? ಮಕ್ಕಳು ತುಟಿ ಮಾಡಿ ತೋರಿಸ್ತಿದ್ರು, ನಾವು ಬೆರಳು ಹುಡುಕ್ತಾ ಕೂತಿದ್ವಿ.” ಹೀಗೆ ಹೇಳಿ ತನ್ನ ತುಟಿಗಳನ್ನು ಮುಂದಕ್ಕೆ ಚಾಚಿ ಬಾಗಿಲ ಕಡೆ ಮಾಡಿದಳು. ಹೆಂಡ್ರಿಕ್ ಥಟ್ಟನೆ ಬಾಗಿಲು ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಎಮೆರಿತಾಳಿಗೆ ಆ ಡಾಕ್ಟರ್ ಹುಡುಗಿಯ ಮೇಲೆ ಅಭಿಮಾನ ಉಕ್ಕಿತು. ಓದಿದ್ದರೂ ನಮ್ಮವಳೇ, ಅಂದುಕೊಂಡಳು.

“ಸರಿ ಅಜ್ಜಿ, ತುಟಿ ಮಾಡಿ ತೋರಿಸ್ತಾಳಾ?”

“ಮೂರು ಹೊತ್ತೂ. ನೀರು ಬೇಕಂದ್ರೆ ಹೂಜಿ ಕಡೆ, ರೊಟ್ಟಿ ಬೇಕಂದ್ರೆ ಒಲೆ ಕಡೆ.”

“ಅಮ್ಮ,” ಎಂದಳು ಯಾದಿರಾ ಮೆಲ್ಲಗೆ, “ಅದು ತೋರ್ಸೋದಲ್ಲ, ಅವಳು ಸುಮ್ನೆ...”

“ನೀನು ಬೆಳಗಾದ್ರೆ ಸಂತೇಲಿ ತೂಗುಜೋಲಿ ಮಾರ್ತಾ ನಿಂತಿರ್ತೀಯ. ಮನೇಲಿ ಅವಳನ್ನ ನೋಡೋಳು ಯಾರು, ನಾನಾ ನೀನಾ?”

ಅಷ್ಟರಲ್ಲಿ ನಯೇಲಿ ಚಕ್ರ ತಿರುಗಿಸುವುದನ್ನು ನಿಲ್ಲಿಸಿ, ಕತ್ತೆತ್ತಿ, ಕಿಟಕಿಯ ಕಡೆಗೆ ತುಟಿಗಳನ್ನು ಚೂಪಾಗಿ ಚಾಚಿದಳು. ಹೊರಗೆ ಕರೆಂಟಿನ ತಂತಿಯ ಮೇಲೆ ಉದ್ದಬಾಲದ ಕರಿಹಕ್ಕಿಯೊಂದು ಕುಳಿತಿತ್ತು.

“ಹಕ್ಕಿ ತೋರಿಸ್ತಿದಾಳೆ,” ಎಂದಳು ಡಾಕ್ಟರ್ ಇವೊನ್. ಅವಳ ದನಿಯಲ್ಲಿ ನಿಜವಾದ ಖುಷಿಯಿತ್ತು. ಹೆಂಡ್ರಿಕ್ ಹಕ್ಕಿಯನ್ನು ನೋಡಿದ, ಎಮೆರಿತಾ ನೋಡಿದಳು, ಆಗಷ್ಟೇ ಬಾಗಿಲಿಗೆ ಬಂದ ನರ್ಸೂ ನೋಡಿದಳು. ಹಕ್ಕಿ ಬಾಲ ಕುಣಿಸಿ ಹಾರಿಹೋಯಿತು. ಎಮೆರಿತಾ ಮಗಳ ತೊಡೆಗೆ ತಟ್ಟಿ, “ನೋಡಿದೆಯಾ?” ಎಂದಳು.

ಮಧ್ಯಾಹ್ನ ಕರೆದು ಹೇಳಿದರು. ಮಾತು ತಡ, ಅದು ನಿಜ. ಆದರೆ ಆಟಿಸಂ ಎನ್ನುವ ಗೆರೆಯ ಹತ್ತಿರ ಬಂದು ಈಚೆಗೇ ನಿಂತಿದ್ದಾಳೆ. ತನಗೆ ಕಂಡದ್ದನ್ನು ಬೇರೆಯವರಿಗೆ ತೋರಿಸುವ ಮಗು ಅವಳು, ಅದು ದೊಡ್ಡ ವಿಷಯ. “ಆರು ವರ್ಷ ತುಂಬಲಿ, ಆಗಲೂ ಮಾತು ಬರದಿದ್ರೆ ಮ್ಯಾನಾಗ್ವಾದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಬನ್ನಿ. ಇದು ಒಳ್ಳೇ ಸುದ್ದಿ ಯಾದಿರಾ.”

“ಟೀಚರು?” ಎಂದಳು ಯಾದಿರಾ.

“ಅದು ಆಯ್ಕೆಯಾದ ಮಕ್ಕಳಿಗೆ ಮಾತ್ರ.”

ದಾರಿಯುದ್ದಕ್ಕೂ ಎಮೆರಿತಾ ಕಂಡಕಂಡವರಿಗೆ ಸುದ್ದಿ ಹಂಚಿದಳು. ಚೌಕದಲ್ಲಿ ಹಾಲು, ಬೆಲ್ಲದ ಪಾಕ ಹಾಕಿದ ಐಸ್ ಪುಡಿ ಕೊಡಿಸಿದಳು. ನಯೇಲಿ ಅದನ್ನು ತಿನ್ನದೆ ಲೋಟದ ಹೊರಗೆ ಇಳಿಯುವ ಹನಿಗಳನ್ನು ನೋಡುತ್ತ ನಡೆದಳು. ಯಾದಿರಾ ಮಾತಾಡಿದ್ದು ಮನೆ ಸೇರಿ ಬಾಗಿಲು ಹಾಕಿದ ಮೇಲೆ.

“ಹಕ್ಕಿ ಹಾರಿಹೋದ್ಮೇಲೂ ಅವಳ ತುಟಿ ಅಲ್ಲೇ ಇತ್ತಮ್ಮ. ನೀವೆಲ್ಲ ಹಕ್ಕಿ ನೋಡ್ತಿದ್ರಿ. ನಾನು ಅವಳನ್ನ ನೋಡ್ತಿದ್ದೆ.”

“ಹೆತ್ತ ತಾಯಿ ಮಗೂಗೆ ಕಾಯಿಲೆ ಬೇಡ್ಕೊಳೋದನ್ನ ಇವತ್ತೇ ನೋಡಿದ್ದು ನಾನು.”

“ಕಾಯಿಲೆ ಬೇಡಿಲ್ಲ. ಟೀಚರ್‌ನ ಬೇಡ್ದೆ.” ಇಷ್ಟು ಹೇಳಿ ಯಾದಿರಾ ಮಾರದೆ ಉಳಿದ ಜೋಲಿಗಳನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಇನ್ನೂ ಬಿಸಿಲಿರುವಾಗಲೇ ಸಂತೆಗೆ ಹೊರಟುಹೋದಳು. ಅವಳು ಅಳಲಿಲ್ಲ. ಅತ್ತಿದ್ದರೆ ಎಮೆರಿತಾಳಿಗೆ ಬಯ್ಯುವುದಕ್ಕಾದರೂ ಆಗುತ್ತಿತ್ತು.

ಎಮೆರಿತಾ ಹಿತ್ತಲ ಮಾಡಿನ ಕೆಳಗೆ, ಜೋಲಿ ಹೆಣೆಯುವ ಮರದ ಚೌಕಟ್ಟಿನ ಮುಂದೆ ನಿಂತಳು. ಒಂದು ಕಡೆಯಿಂದ ಲಾಳಿ ತೂರಿಸಿ ಇನ್ನೊಂದು ಕಡೆ ಎಳೆಯುವ ಕೆಲಸ, ಕಣ್ಣು ಮುಚ್ಚಿ ಮಾಡುವಷ್ಟು ರೂಢಿಯದು. ಕಂಬಕ್ಕೆ ಕಟ್ಟಿದ ಹಳೆಯ ಜೋಲಿಯಲ್ಲಿ ನಯೇಲಿ ಮಲಗಿ ನೂಲಿನ ಸಂದಿಯಿಂದ ಬೆಳಕು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ತುಟಿ ಚಾಚಿದಳು, ಹೂಜಿಯ ಕಡೆ. ಎಮೆರಿತಾ ಲಾಳಿ ಬಿಟ್ಟು ನೀರು ತಂದಳು. ಮಗು ಕುಡಿಯಿತು. “ನೋಡು ಮತ್ತೆ,” ಎಂದಳು ಎಮೆರಿತಾ, ಇಲ್ಲದ ಮಗಳಿಗೆ.

ತಿರುಗಿ ಬಂದು ನೋಡಿದರೆ ತುಟಿ ಇನ್ನೂ ಹೂಜಿಯ ಕಡೆಗೇ ಇತ್ತು. ಹೂಜಿಯ ಹಿಂದೆ ಕೆಂಪು ನೂಲಿನ ಉಂಡೆಯಿತ್ತು. ಅದನ್ನು ಕೊಟ್ಟಳು. ಮಗು ಅದನ್ನೂ ಹಿಡಿದುಕೊಂಡಿತು, ಕೊಟ್ಟರೆ ಯಾವ ಕೈ ತಾನೇ ಹಿಡಿಯುವುದಿಲ್ಲ. ಎಮೆರಿತಾ ಹೂಜಿಯನ್ನೇ ಎತ್ತಿ ಒಳಗಿಟ್ಟು ಬಂದಳು. ಬರಿಯ ಗೋಡೆ ಉಳಿಯಿತು. ತುಟಿ ಗೋಡೆಯ ಕಡೆಗಿತ್ತು. ಜೋಲಿಯನ್ನು ಮೆಲ್ಲಗೆ ಇನ್ನೊಂದು ದಿಕ್ಕಿಗೆ ತಿರುಗಿಸಿದಳು. ಈಗ ತುಟಿ ಬೇಲಿಯ ಕಡೆಗಿತ್ತು. ಅಜ್ಜಿ ತಾನೇ ಹೋಗಿ ಮಗುವಿನ ಮುಖಕ್ಕೆ ಎದುರಾಗಿ ನಿಂತಳು. ಮಗುವಿನ ಕಣ್ಣು ಅವಳನ್ನು ಹಾದು ಹೋಯಿತು, ಗಾಜನ್ನು ಬೆಳಕು ಹಾದು ಹೋಗುವ ಹಾಗೆ.

ಇಷ್ಟು ದಿನ ಆ ತುಟಿ ಮುಂದೆ ಬಂದಾಗಲೆಲ್ಲ ಅವಳು ಓಡಿ ಏನಾದರೊಂದು ತಂದಿದ್ದಳು. ನೀರಲ್ಲದಿದ್ದರೆ ರೊಟ್ಟಿ, ರೊಟ್ಟಿಯಲ್ಲದಿದ್ದರೆ ನೂಲು. ಯಾವುದಾದರೊಂದು ಸರಿಹೋಗುತ್ತಿತ್ತು. ಕೇಳಿದವಳೂ ತಾನೇ, ಕೊಟ್ಟವಳೂ ತಾನೇ. ಎಮೆರಿತಾ ಆ ಹೊತ್ತು ಮತ್ತೆ ಲಾಳಿ ಮುಟ್ಟಲಿಲ್ಲ.

ಮರುದಿನ ಯಾದಿರಾ ಸಂತೆಗೆ ಹೋದ ಕೂಡಲೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು. ನೀಲಿ ಚಾಪೆ ಇರಲಿಲ್ಲ. ಸೊಕೋರೊ ಕೋಣೆ ಗುಡಿಸುತ್ತಿದ್ದಳು. ತಂಡದ ಗಾಡಿ ನಸುಕಿನಲ್ಲೇ ಮುಂದಿನ ಊರು ಎಸ್ತೆಲಿಯ ಕಡೆ ಹೊರಟುಹೋಗಿತ್ತು.

“ನಾನು ನಿನ್ನೆ ತಪ್ಪು ಹೇಳ್ಬಿಟ್ಟೆ ಕಣಮ್ಮ. ಅವಳು ತೋರ್ಸಲ್ಲ. ಏನನ್ನೂ ತೋರ್ಸಲ್ಲ.”

“ಮಗೂಗೆ ಏನೂ ಇಲ್ಲ ಅಂದ್ರೆ ಜನ ಚರ್ಚಲ್ಲಿ ಮೇಣದಬತ್ತಿ ಹಚ್ತಾರೆ. ನೀನು ಜಗಳಕ್ಕೆ ಬಂದಿದೀಯಲ್ಲ ಅಜ್ಜಿ,” ಎಂದು ನಕ್ಕ ಸೊಕೋರೊ ಮುದುಕಿಯ ಮುಖ ನೋಡಿ ನಗು ನಿಲ್ಲಿಸಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ ಡಾಕ್ಟರಿಗೆ ಫೋನ್ ಹಚ್ಚಿ ಕೊಟ್ಟಳು.

ಗಾಡಿಯ ಸದ್ದಿನ ನಡುವೆಯೂ ಡಾಕ್ಟರ್ ಇವೊನ್ ಅವಳ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡಳು. ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಕೇಳಿದ ಮೇಲೆ ಹೇಳಿದಳು: “ಅಜ್ಜಿ, ಟೀಚರ್ ಸಿಗಲ್ಲ ಅಂತ ಗೊತ್ತಾದ ಮೇಲೆ ಉತ್ತರ ಬದಲಾಯಿಸೋರು ಎಲ್ಲಾ ಊರಲ್ಲೂ ಇರ್ತಾರೆ. ನೀವು ಸುಳ್ಳು ಹೇಳ್ತಿದೀರಿ ಅಂತಲ್ಲ. ಆದ್ರೆ ಒಬ್ಬರಿಗೆ ಬದಲಾಯಿಸಿದ್ರೆ ಇಡೀ ಸಂಶೋಧನೆ ಕೆಡುತ್ತೆ. ಜಾಗಗಳೂ ತುಂಬಿಹೋಗಿವೆ.”

“ನಾನು ಹೇಳಿದ್ದನ್ನ ಅಳಿಸ್ಬಿಡಿ ಸಾಕು. ಮುದುಕಿ ಮಾತು, ಬಿಟ್ಬಿಡಿ.”

“ಬರೀ ನಿಮ್ಮ ಮಾತಲ್ಲ ಅಜ್ಜಿ. ಅವಳು ಹಕ್ಕಿ ತೋರಿಸಿದ್ದನ್ನ ನಾನೇ ಕಣ್ಣಾರೆ ಕಂಡೆ.”

ಎಮೆರಿತಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನರ್ಸಿಗೆ ಹಿಂತಿರುಗಿಸಿದಳು, ತುಂಬಿದ ಬಟ್ಟಲು ಹಿಂತಿರುಗಿಸುವ ಹಾಗೆ.

ಮನೆಗೆ ಬಂದು ಮಗುವನ್ನು ಜೋಲಿಯಲ್ಲಿ ಕೂರಿಸಿದಳು. ಹಿತ್ತಲ ಬೇಲಿಗೆ ಹಬ್ಬಿದ ಬಳ್ಳಿಯಲ್ಲಿ ಈ ಸಲದ ಮೊದಲ ಕುಂಬಳದ ಹೀಚು ಬಿಟ್ಟಿತ್ತು, ಮೈಮೇಲೆ ಇನ್ನೂ ಮುಸುಕಿನಂಥ ನವಿರು, ತುದಿಯಲ್ಲಿ ಬಾಡಿದ ಹೂವು. ಎಮೆರಿತಾ ಅದರ ಕಡೆಗೆ ತುಟಿ ಮಾಡಿದಳು. “ನೋಡವ್ವ, ಅಲ್ಲಿ.” ನಯೇಲಿ ನೂಲು ಎಣಿಸುವವಳ ಹಾಗೆ ಜೋಲಿಯ ಅಂಚನ್ನು ತಡವುತ್ತಿದ್ದಳು. ಎಮೆರಿತಾ ಇನ್ನೂ ಹತ್ತಿರ ಬಂದು, ಇನ್ನೂ ಉದ್ದಕ್ಕೆ ತುಟಿ ಚಾಚಿ, ಮತ್ತೊಮ್ಮೆ ಕರೆದಳು.

ಆಮೇಲೆ ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಬಲಗೈ ಎತ್ತಿ, ತೋರುಬೆರಳನ್ನು ನೆಟ್ಟಗೆ ಹೀಚಿನ ಕಡೆಗೆ ಚಾಚಿದಳು. ಹುಟ್ಟಿದಾಗಿನಿಂದ ಅವಳು ಮಾಡದ್ದು ಅದು. “ಅಲ್ಲಿ ನೋಡು ನಯೇಲಿ. ಅಲ್ಲಿ.”

ಮಗು ಕತ್ತು ಎತ್ತಿತು. ಬೆರಳು ತೋರಿದ ಕಡೆ ನೋಡಲಿಲ್ಲ. ಬೆರಳನ್ನೂ ನೋಡಲಿಲ್ಲ. ಅಜ್ಜಿಯ ಮುಂಗೈ ಹಿಡಿದು, ಅದೂ ಜೋಲಿಗೆ ಸೇರಿದ ಒಂದು ಹಗ್ಗವೋ ಎಂಬಂತೆ ಕೆಳಗೆಳೆದು, ಜೋಲಿಯ ಅಂಚಿಗೆ ತಂದಿಟ್ಟಿತು.

ಎಮೆರಿತಾ ತೂಗತೊಡಗಿದಳು. ಕಂಬದ ಹಗ್ಗ ಕಿರುಗುಟ್ಟಿತು. ಬೆರಳು ಇನ್ನೂ ಮಡಚಿರಲಿಲ್ಲ. ಜೋಲಿ ಅತ್ತ ಹೋದಾಗ ಅದು ಹೀಚಿನ ಕಡೆಗೂ, ಇತ್ತ ಬಂದಾಗ ಗೋಡೆಯ ಕಡೆಗೂ ಆಗುತ್ತಿತ್ತು.