ಏಪ್ರಿಲ್‌ನ ಸೂಲಂಗಿ

ಕೆಂಚಗಿದೆ, ಈ ಹುಲ್ಲೂ ಕೆಂಚಗಿದೆ, ತೊಳೆದು ಬಾಚಿದ ಕುದುರೆಬಾಲದ ಹಾಗೆ ಗಾಳಿಗೆ ಒಂದೇ ಕಡೆ ವಾಲುತ್ತಿದೆ, ಚೆನ್ನಾಗಿಲ್ಲ ಎನ್ನಲಾರೆ, ಆದರೆ ತೆಪೋರಾಳ ತಲೆಯ ಬಳಿ ಕುದುರೆಬಾಲ ನೆಡುವುದೇ, ಅವಳು ಮಣ್ಣಿನೊಳಗಿಂದಲೇ ನಕ್ಕಾಳು — ಶನಿವಾರ ಅವಳ ಸಮಾಧಿಕಲ್ಲಿನ ಮೇಲಿನ ಬಟ್ಟೆ ತೆಗೆಯುವುದು, ಈಸ್ಟರಿನ ಹಿಂದಿನ ದಿನ, ಅವಳು ಹೋಗಿ ವರ್ಷ ತುಂಬಿತು, ಇವತ್ತು ಬುಧವಾರ, ನಾನಿನ್ನೂ ಈ ನರ್ಸರಿಯ ಜಲ್ಲಿಕಲ್ಲಿನ ಮೇಲೆ ನಿಂತು ಹುಲ್ಲು ಆರಿಸುತ್ತಿದ್ದೇನೆ. ಕಲ್ಲು ಕೆತ್ತಿಸುವವರು ಕೆತ್ತಿಸಿದರು, ಊಟಕ್ಕೆ ಹಂದಿ ತರುವವರು ತಂದರು, ಸಭಾಮನೆಯಲ್ಲಿ ಬರುವ ನೆಂಟರಿಗೆ ಹಾಸಿಗೆಗಳೂ ಸಾಲಾಗಿ ಬಿದ್ದಿವೆ, ನನ್ನದೊಂದೇ ಬಾಕಿ, ಸಮಾಧಿಯ ಸುತ್ತ ಹುಲ್ಲಿನ ತೋಟ, ನಮ್ಮ ಈ ದಕ್ಷಿಣ ಭೂಮಿಗೆ ಏಪ್ರಿಲ್ ಎಂದರೆ ಶರತ್ಕಾಲ, ಆಗ ಕಣ್ಣಿಗೆ ಕಾಣುವಂಥದ್ದು, ನಾನೇ ಕೈಯೆತ್ತಿ ವಹಿಸಿಕೊಂಡದ್ದು, ಯಾರೂ ಕೇಳಿರಲಿಲ್ಲ. ಕ್ಲೈವ್ ಮತ್ತೆ ಬಂದ, ಚಿಕ್ಕವನಿದ್ದಾಗ ನನ್ನ ಭಾನುವಾರದ ಪಾಠಕ್ಕೆ ಬಂದು ನಿದ್ದೆ ಮಾಡುತ್ತಿದ್ದವನು, ಈಗ ಈ ನರ್ಸರಿಗೆಲ್ಲ ಯಜಮಾನ, ಆಂಟಿ, ಇದು ನೋಡಿ ಜಪಾನಿಂದು, ಬೆಳ್ಳಿ ತೆನೆ, ಚಳಿಗಾಲ ಪೂರ್ತಿ ಬೀಳಲ್ಲ. ಅವಳಿಗೆ ಜಪಾನ್ ಯಾಕೋ, ನೇಪಿಯರ್ ಪೇಟೆ ದಾಟಿದರೆ ತಲೆನೋವು ಬರ್ತಿತ್ತು ಅವಳಿಗೆ. ಹಾಗಾದ್ರೆ ಈ ಗಾಳಿಹುಲ್ಲು ತಗೊಳ್ಳಿ, ನಮ್ಮ ನೆಲದ್ದೇ, ಈಗ ನೋಡಿ ಹೇಗೆ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ತಿರುಗಿದೆ, ನಿಜ, ಮುಟ್ಟಿದರೆ ಕೂದಲು, ಆದರೆ ಮೊಣಕಾಲೆತ್ತರ, ತೆಪೋರಾ ಆರಡಿ ಹೆಂಗಸು. ನಿಮಗೆ ಏನು ಬೇಕು ಅಂತ ಹೇಳಿಬಿಡಿ ಆಂಟಿ. ನನಗೆ ಬೇಕಾದದ್ದು ನವೆಂಬರ್, ಕ್ಲೈವ್, ಅದನ್ನು ಯಾವ ಕುಂಡದಲ್ಲಿ ಇಟ್ಟಿದ್ದೀಯ.

ಬಾಯಿಂದ ಬರಲಿಲ್ಲ, ಮನಸ್ಸಿನಲ್ಲೇ ಉಳಿಯಿತು, ಆ ಮೂಲೆಯಲ್ಲಿ ತೊಯೆತೊಯೆ ಇದೆ, ನಮ್ಮ ನೆಲದ ಎತ್ತರದ ಹುಲ್ಲು, ಬಂದಾಗಲೇ ಕಂಡಿತ್ತು, ಕಂಡೂ ಮೂರು ಸಲ ಅದನ್ನು ದಾಟಿ ಹೋದೆ, ಬರೀ ಹಸಿರು ಎಲೆ, ತೆನೆಯ ಕಾಲ ಮುಗಿದಿದೆ, ಬೋಳು ಬೋಳು. ಬೆಳಗ್ಗೆಯಿಂದ ಮಿರಿಯಾಮಾ ಎರಡು ಸಲ ಫೋನ್ ಮಾಡಿದಳು, ತೆಪೋರಾಳ ಮಗಳು, ಅಮ್ಮನ ದನಿಯೇ, ಅಮ್ಮನ ತಾಳ್ಮೆ ಮಾತ್ರ ಇಲ್ಲ — ಆಂಟಿ, ತೊಯೆತೊಯೆನೇ ತನ್ನಿ, ಬಿಳೀ ಸೂಲಂಗಿ ತಲೆ ಮೇಲೆ ತೂಗಾಡ್ಬೇಕು, ಅಮ್ಮಂಗೆ ಅದಂದ್ರೆ ಪ್ರಾಣ, ಆಕ್ಲೆಂಡಿಂದ ಅಷ್ಟು ಜನ ಬರ್ತಾರೆ, ಬರೀ ಎಲೆ ತೋರಿಸ್ಲಾ ಅವರಿಗೆ. ಮಗಳೇ, ಅದು ಈಗ ಸೂಲಂಗಿ ಬಿಡಲ್ಲ. ರಸ್ತೆ ಪೂರ್ತಿ ಬಿಟ್ಟಿದೆಯಲ್ಲಾ ಆಂಟಿ, ನಿನ್ನೆ ಬರ್ತಾ ನೋಡಿದೆ, ಬೆಟ್ಟವೇ ಬೆಳ್ಳಗಿತ್ತು. ಬೆಳ್ಳಗಿತ್ತು ತಾಯಿ, ಬೆಳ್ಳಗಿರುತ್ತದೆ, ಅದು ಪಾಂಪಸ್, ಪರದೇಶದ್ದು, ಹಿಂದೆ ರೈತರು ಗಾಳಿತಡೆಗೆಂದು ಬೇಲಿಗುಂಟ ನೆಟ್ಟದ್ದು, ಈಗ ಬೆಟ್ಟವನ್ನೆಲ್ಲ ನುಂಗಿದೆ, ನೆಡಬೇಡಿ ಮಾರಬೇಡಿ ಎಂದು ಸರ್ಕಾರವೇ ಹೇಳುತ್ತದೆ, ನಮ್ಮ ಹುಲ್ಲಿನ ವೇಷ ಹಾಕಿಕೊಂಡು ನಮ್ಮ ಹುಲ್ಲು ಮಲಗಿದ ಮೇಲೆ ಹೊರಗೆ ಬರುತ್ತದೆ — ಇದನ್ನೆಲ್ಲ ಹೇಳಬಹುದಿತ್ತು, ಹೇಳಲಿಲ್ಲ, ಹೇಳಿದರೆ ನಿಮಗೆ ಯಾವಾಗಿಂದ ಗೊತ್ತು ಆಂಟಿ ಎನ್ನುತ್ತಾಳೆ, ಮೂರು ವಾರದಿಂದ ಎನ್ನಬೇಕು. ಹೊರಗೆ ಟ್ರಕ್ಕಿನ ಹಾರ್ನ್. ಎರುವೇರಾ. ಐವತ್ತು ವರ್ಷ ಸಂಸಾರ ಮಾಡಿದರೂ ಈ ಮನುಷ್ಯನಿಗೆ ಕಾಯುವುದು ಬರಲಿಲ್ಲ, ಕಿಟಕಿಯಿಂದ ತಲೆ ಹಾಕಿ, ಪಿರಿಹಿರಾ, ಹುಲ್ಲು ತಾನೇ ಕಣೇ, ಹೊಲದ ತುಂಬಾ ಇದೆ, ದನಕ್ಕೆ ಕೇಳಿದ್ರೂ ಆರಿಸ್ಕೊಡ್ತಿತ್ತು. ಆಮೇಲೆ ತಮಾಷೆ ಬಿಟ್ಟು, ಯಾವ್ದೋ ಒಂದು ತೊಯೆತೊಯೆ ತಗೊಂಡ್ಬಾ, ದಾರೀಲಿ ನಾಲ್ಕು ಬಿಳೀ ಸೂಲಂಗಿ ಕೊಯ್ದು ನಡುವೆ ಸಿಕ್ಕಿಸಿದ್ರಾಯ್ತು, ಯಾರಿಗೆ ಗೊತ್ತಾಗತ್ತೆ.

ಯಾರಿಗೆ ಗೊತ್ತಾಗತ್ತೆ. ಇದೇ ರಸ್ತೆ, ಇದೇ ತಿಂಗಳು, ಮೂವತ್ತೊಂದು ವರ್ಷದ ಹಿಂದೆ, ಚರ್ಚಿನ ಗೋಡೆಗೆ ಅಲಂಕಾರದ ಜಾಲರಿ ಹಲಗೆ ಹೆಣೆಯುವ ವರ್ಷ, ಅಡ್ಡಕ್ಕೆ ಮರದ ಪಟ್ಟಿ, ಅದರ ಹಿಂದೆ ಉದ್ದಕ್ಕೆ ತೊಯೆತೊಯೆಯ ಕಡ್ಡಿ, ಹಲಗೆಯ ಮುಂದೆ ಒಬ್ಬಳು ಹಿಂದೆ ಒಬ್ಬಳು, ಮುಂದಿನವಳು ನಾರಿನ ಎಳೆಯನ್ನು ಸಂದಿನೊಳಗೆ ತೂರಿಸಬೇಕು, ಹಿಂದಿನವಳು ಎಳೆದು ಬಿಗಿದು ಮುಂದಿನ ಸಂದಿನಿಂದ ವಾಪಸು ಕೊಡಬೇಕು. ಕಡ್ಡಿ ಕಡಿಮೆ ಬಿತ್ತು, ನಾನು ತರುತ್ತೇನೆ ಎಂದೆ, ಆಗಲೂ ಯಾರೂ ಕೇಳಿರಲಿಲ್ಲ, ಬೆಳಗ್ಗೆ ಹೋಗಿ ರಸ್ತೆಬದಿಯಲ್ಲಿ ಬೆಳ್ಳಗೆ ನಿಂತದ್ದನ್ನೆಲ್ಲ ಕೊಯ್ದು ಟ್ರಕ್ಕು ತುಂಬಿಸಿ ತಂದೆ, ಏಪ್ರಿಲ್‌ನಲ್ಲಿ. ಹಿರಿಯರು ಚಹಾಕ್ಕೆ ಹೊರಗೆ ಹೋಗಿದ್ದರು, ನೇಯುವಲ್ಲಿ ತಿನ್ನುವಂತಿಲ್ಲ ಕುಡಿಯುವಂತಿಲ್ಲ, ಒಳಗೆ ತೆಪೋರಾ ಒಬ್ಬಳೇ. ಒಂದು ಕಡ್ಡಿಯ ಮೇಲೆ ಹೆಬ್ಬೆರಳಾಡಿಸಿದಳು, ನನ್ನ ಮುಖ ನೋಡಿದಳು, ಒಳ್ಳೇ ಉದ್ದ ಇದಾವೆ ಕಣೇ ಹುಡುಗಿ, ಎಲ್ಲಾನೂ ನಮ್ಮಿಬ್ಬರ ಹಲಗೆಗೇ ಇಟ್ಕೊಳ್ಳೋಣ. ಅಷ್ಟೇ. ನಾನು ಹಿಗ್ಗಿದೆ, ಹಿಗ್ಗಿ ಕುಳಿತು ಹೆಣೆದೆ. ಅವಳು ಹಿಂದೆ ನಿಧಾನ, ಎಷ್ಟು ನಿಧಾನ, ಉಳಿದ ಜೋಡಿಗಳು ಎರಡು ಸಾಲು ಮುಗಿಸುವಾಗ ನಮ್ಮದು ಒಂದು, ಅಕ್ಕಾ ನಿದ್ದೆ ಬಂತಾ ಅಲ್ಲಿ, ನಿನ್ನ ಕಡೆ ನೀನು ನೋಡ್ಕೋ ಹುಡುಗಿ, ನಾನು ಬೆರಳು ಚಾಚಿ ಕಾಯುವುದು, ಸಂದಿನ ಕತ್ತಲಲ್ಲಿ ಏನೂ ಕಾಣದು, ಆಮೇಲೆ ಮೆಲ್ಲಗೆ ಹಳದಿ ಎಳೆಯ ತುದಿ.

ಚರ್ಚಿನ ಮಾಡು ಸೋರದೇ ಇದ್ದಿದ್ದರೆ ನಾನು ಆ ಹೆಮ್ಮೆಯಲ್ಲೇ ಸಾಯುತ್ತಿದ್ದೆ. ಮೂರು ವಾರದ ಹಿಂದೆ ಹಲಗೆಗಳನ್ನು ಇಳಿಸಿ ಒಣಗಿಸಲು ಚರ್ಚಿನ ಹಾಲ್‌ನಲ್ಲಿ ಬೋರಲು ಹಾಕಿದ್ದರು, ಮೂವತ್ತೊಂದು ವರ್ಷ ನಾನು ಕುಳಿತು ಪ್ರಾರ್ಥಿಸಿದ್ದು ಅದರ ಮುಂಬದಿಗೆ, ಬಂದ ನೆಂಟರಿಗೆಲ್ಲ ಬೆರಳು ತೋರಿಸಿದ್ದು ಮುಂಬದಿಗೆ, ಹಿಂಬದಿ ಕಂಡದ್ದು ಅವತ್ತೇ. ಗಿಸ್ಬೋರ್ನ್‌ನಿಂದ ರಿಪೇರಿಗೆ ಬಂದ ನೇಯ್ಗೆಯಮ್ಮ ನಮ್ಮ ಹಲಗೆಯ ಬಳಿ ಕುಕ್ಕರುಗಾಲಲ್ಲಿ ಕೂತಳು, ಇದು ತೊಯೆತೊಯೆ ಅಲ್ಲ ಆಂಟಿ, ಪಾಂಪಸ್ ಕಡ್ಡಿ, ಯಾವತ್ತೋ ಪುಡಿಯಾಗಿ ಉದುರ್ಬೇಕಿತ್ತು, ಹಿಂದೆ ಕೂತಿದ್ದೋರು ನೋಡಿ, ಪ್ರತಿ ಕಡ್ಡೀನೂ ಬೇರೆ ನಾರಲ್ಲಿ ಇನ್ನೊಂದ್ಸಲ ಕಟ್ಟಿದ್ದಾರೆ, ಒಂದೊಂದು ಎಳೆಗೂ ಒಂದೊಂದು ಗಂಟು, ಎಷ್ಟು ಸಾವಿರ ಗಂಟೋ, ಮುಂದಿಂದ ಕಾಣಲ್ಲ. ಯಾರು ತಂದಿದ್ರು ಈ ಕಡ್ಡಿ? ನೆನಪಿಲ್ಲ ತಾಯಿ, ಎಂದೆ. ಚರ್ಚಿನ ಹಾಲ್‌ನಲ್ಲಿ ನಿಂತು ಹಾಗೆಂದೆ. ಸಿಟ್ಟು ಬರುತ್ತದೆ ತೆಪೋರಾ, ನಿನ್ನ ಮೇಲೆಯೇ ಬರುತ್ತದೆ, ಒಂದು ಮಾತು ಹೇಳಿದ್ದರೆ ನಾಲ್ಕು ದಿನ ಅತ್ತು ಬೇರೆ ಕಡ್ಡಿ ತರುತ್ತಿದ್ದೆ, ಆಮೇಲೂ ಪ್ರತಿ ಏಪ್ರಿಲ್‌ನಲ್ಲಿ ಟ್ರಕ್ಕಿನಿಂದ ಕೈಚಾಚಿ ತೊಯೆತೊಯೆ ಎಷ್ಟು ಚೆನ್ನಾಗಿ ಬಿಟ್ಟಿದೆ ನೋಡಕ್ಕಾ ಎನ್ನುತ್ತಿದ್ದೆನಲ್ಲ, ಹೌದು ಕಣೇ ಹುಡುಗಿ, ಚೆನ್ನಾಗಿದೆ, ಎನ್ನುತ್ತಿದ್ದೆಯಲ್ಲ, ಆಸ್ಪತ್ರೆಯ ಮಂಚದಲ್ಲಿ ಕಡೆಯ ವಾರದಲ್ಲಾದರೂ ಬಾಯಿ ಬಿಡಬಹುದಿತ್ತು, ನೀನು ನನ್ನ ಕೈ ಹಿಡಿದುಕೊಂಡು ಮಲಗಿದ್ದೆ, ಹಿಡಿದಿದ್ದೆ ಅಷ್ಟೇ. ಈಗ ಯಾರಲ್ಲಿ ಜಗಳವಾಡಲಿ. ದೇವರೇ, ನೀನೂ ಹಿಂಬದಿಯಲ್ಲೇ ಕೂತಿದ್ದೆಯೇನು.

ಆಂಟಿ, ಇದಾ, ಕ್ಲೈವ್ ಕೇಳುತ್ತಾನೆ, ನಾನು ಆ ಮೂಲೆಗೆ ಯಾವಾಗ ಬಂದೆನೋ, ತೊಯೆತೊಯೆಯ ಎಲೆಯೊಂದು ಮುಷ್ಟಿಯಲ್ಲಿದೆ, ಜಗ್ಗುತ್ತೇನೆ, ಪಾಂಪಸ್ ಆಗಿದ್ದರೆ ಪಟ್ಟನೆ ತುಂಡಾಗುತ್ತಿತ್ತು ಎಂದು ಆ ನೇಯ್ಗೆಯಮ್ಮನೇ ತೋರಿಸಿಕೊಟ್ಟದ್ದು, ಇದು ತುಂಡಾಗದು, ಅಂಗೈಯಲ್ಲಿ ಸಣ್ಣ ಗೀರು, ರಕ್ತದ ಒಂದು ಗೆರೆ. ಆರು ಕೊಡು. ಈಗ ಬರೀ ಎಲೆ ಆಂಟಿ, ತೆನೆ ನವೆಂಬರ್‌ಗೆ, ಆಮೇಲೆ ನನ್ನನ್ನ ಬೈಬೇಡಿ. ಗೊತ್ತು, ಕೊಡು. ಫೋನ್ ಮತ್ತೆ ಬಡಿದುಕೊಳ್ಳುತ್ತಿದೆ, ಮಿರಿಯಾಮಾ, ಸಿಕ್ತಾ ಆಂಟಿ, ಬಿಳೀದು? ಸಿಕ್ಕಿತು ಮಗಳೇ, ಬೋಳಿದೆ, ಬರೀ ಎಲೆ. ಅಯ್ಯೋ ಆಂಟಿ, ಅಷ್ಟು ಜನದ ಮುಂದೆ — ಅಷ್ಟು ಜನದ ಮುಂದೆ ನಾನೇ ಹೇಳ್ತೀನಿ ಬಿಡು, ಬಟ್ಟೆ ತೆಗೆದ ಮೇಲೆ ಮೊದಲ ಮಾತು ನಂದು, ಆ ಕಡ್ಡಿ ತಂದದ್ದು ನಾನು ಅಂತ. ಯಾವ ಕಡ್ಡಿ ಆಂಟಿ? ಆಂಟಿ, ಕೇಳಿಸ್ತಿದ್ಯಾ? ಹಾರ್ನ್, ಕ್ಲೈವ್‌ನ ಕೈಗಾಡಿಯ ಚಕ್ರ ಜಲ್ಲಿಯ ಮೇಲೆ, ಎಲ್ಲ ಕೇಳಿಸುತ್ತಿದೆ, ಬೆರಳು ತಾನೇ ಮುಂದಕ್ಕೆ ಚಾಚಿದೆ, ಹಲಗೆಯ ಆಚೆ ಅವಳು ಗಂಟು ಹಾಕುತ್ತಿದ್ದಾಳೆ, ಇನ್ನೊಂದು, ಮತ್ತೆ ಇನ್ನೊಂದು, ನಾನಿನ್ನು ಅವಸರ ಮಾಡುವುದಿಲ್ಲ ಅಕ್ಕಾ, ಸಂದಿನ ಕತ್ತಲು, ಕತ್ತಲಲ್ಲಿ ಮೆಲ್ಲಗೆ, ಹಳದಿ ಎಳೆಯ ತುದಿ