ಹೊಳೆ ದಾಟದ ಕುರಿಗಳು

ಕುರಿದೊಡ್ಡಿಯ ಮುಳ್ಳುಬೇಲಿ ಒಂದು ಕಡೆ ಕಿತ್ತು ಬಿದ್ದಿದ್ದನ್ನು ಕಂಡ ಗುರುಲಿಂಗಮ್ಮ ಓಡೋಡಿ ಬಂದಳು. ಒಳಗೆ ಹೊಕ್ಕು ನೋಡಿದರೆ ಏಳೆಂಟು ಕುರಿ ಇಲ್ಲ. ತಾನೇ ಹಾಲು ಕುಡಿಸಿ ಬೆಳೆಸಿದ ಕರಿ ಟಗರೂ ಇಲ್ಲ. ಗಂಡ ಮಲ್ಕಪ್ಪ ದೊಡ್ಡ ಮಂದೆ ಹೊಡೆದುಕೊಂಡು ದೂರದ ಅಡವಿಗೆ ಹೋಗಿದ್ದ.

"ಪೊಲೀಸ್ ಚೌಕಿಗಿ ಹೋಗು" ಎಂದಳು ಮಗ್ಗಲ ಮನೆಯ ಬಾಲಮ್ಮ.

"ಚೌಕಿಗಾ? ಹಿಂದಕ ಒಂದು ಕುರಿ ಕಳಕೊಂಡವರು ಠಾಣಾಕ್ಕ ಹೋದ್ರ ಇನ್ನೊಂದು ಕಳಕೊಂಡು ಬರತಿದ್ರು!"

"ಅದು ಹಿಂದಕ. ಈಗ ಹೊಸಾ ಮಂದಿ ಬಂದಾರ. ಹೋಗಿ ನೋಡರೇ ನೋಡು."

ಹೈದರಾಬಾದ ಸಂಸ್ಥಾನ ಭಾರತಕ್ಕೆ ಸೇರಿ ಎರಡು ವರ್ಷವಾಗಿತ್ತು. ಸುರಪುರ ಠಾಣೆಯ ಕೈಕೆಳಗೆ ರಂಗಂಪೇಟೆಗೆಂದೇ ಹೊಸದೊಂದು ಚೌಕಿ ತೆರೆದಿದ್ದರು. ಒಬ್ಬ ಜಮಾದಾರ, ಮೂವರು ಪೊಲೀಸರು, ಎಲ್ಲರಿಗೂ ಸೇರಿ ಒಂದು ಸೈಕಲ್ಲು. ಗುರುಲಿಂಗಮ್ಮ ಸೆರಗು ಬಿಗಿದುಕೊಂಡು ನಡೆದಳು. ಹಳೆಯ ಆಳ್ವಿಕೆಯ ರೂಢಿಯಂತೆ ಸಾಹೇಬರ ಮುಂದೆ ಆಡಬೇಕಾದ ಉರ್ದು ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿದಳು. ಚೌಕಿಯ ಮೆಟ್ಟಿಲು ತುಳಿಯುವಷ್ಟರಲ್ಲಿ ಒಂದೂ ನಾಲಿಗೆಯ ಮೇಲೆ ಉಳಿದಿರಲಿಲ್ಲ.

"ಬಾ ಯವ್ವಾ, ಕೂಡು. ಮೊದಲ ನೀರು ಕುಡಿ" ಎಂದ ಜಮಾದಾರ ಅಮೋಘಸಿದ್ದ.

ತನ್ನದೇ ಮಾತು! ತಂಬಿಗೆ ಕೈಗೆ ಬಂದಾಗ ಗುರುಲಿಂಗಮ್ಮನಿಗೆ ಅಳು ಒತ್ತರಿಸಿ ಬಂತು. ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

"ಗುರುತೇನು?"

"ನನ್ನ ಎಲ್ಲಾ ಕುರಿಗೂ ಎಡಗಿವಿ ಸೀಳೇನ್ರಿ. ಟಗರಿನ ಹಣಿ ಮ್ಯಾಲ ಬಿಳಿ ಬೊಟ್ಟು ಅದ."

ಅಮೋಘಸಿದ್ದ ಎದ್ದು ನಿಂತೇಬಿಟ್ಟ. "ದೇವಿಂದ್ರ, ಸೈಕಲ್ ತಗೊಂಡು ಶಹಾಪುರ ರಸ್ತಾಕ್ಕ ಹೋಗು. ಲಾರಿ, ಬಂಡಿ ಎಲ್ಲಾ ತಡದು ನೋಡು. ಭಾಗಣ್ಣ, ನೀ ಸುರಪುರ ಠಾಣಾಕ್ಕ ಓಡು. ಅಮೀನ ಸಾಹೇಬ್ರಿಗಿ ಸುದ್ದಿ ಮುಟ್ಟಿಸಿ ಬಜಾರ ತಿರುಗು." ಬಾಗಿಲಲ್ಲಿದ್ದ ಮೂರನೆಯವನಿಗೆ, "ನೀ ಇಲ್ಲಿಂದ ಕದಲಬ್ಯಾಡ. ಯಾರರೇ ಬಂದ್ರ ಚೌಕಿ ಖಾಲಿ ಇರಬಾರದು" ಎಂದ. ಆಮೇಲೆ ಇವಳ ಕಡೆ ತಿರುಗಿ, "ನಾವು ಹೊಳಿ ಕಡವಿಗಿ ಹೋಗೂಣು, ನಡಿ ಯವ್ವಾ" ಎಂದ.

ರಾಜಾಸಾಬನ ಟಾಂಗಾ ಬಾಗಿಲಿಗೆ ಬಂತು. ಟಾಂಗಾ ಹತ್ತಿದ್ದು ಗುರುಲಿಂಗಮ್ಮ ಹುಟ್ಟಿದ ಮೇಲೆ ಅದೇ ಮೊದಲು. "ಗಟ್ಟಿ ಹಿಡಕೋ ಅಕ್ಕಾ!" ಎಂದು ರಾಜಾಸಾಬ ಚಾವಟಿ ಬೀಸಿದ್ದೇ ತಡ, ಕುದುರೆ ಹಾರಿತು. ಜೋಳದ ಹೊಲಗಳು ಸರ್ರನೆ ಹಿಂದೆ ಸರಿದವು. ತಗ್ಗಿನಲ್ಲಿ ಗಾಲಿ ಇಳಿದಾಗೆಲ್ಲ ಅವಳು ಒಂದು ಗೇಣು ಮೇಲೆ ಹಾರಿ ಕೂರುತ್ತಿದ್ದಳು. ಭಯವೋ ಹುರುಪೋ ಅವಳಿಗೇ ತಿಳಿಯಲಿಲ್ಲ. "ಇನ್ನಾ ಜೋರ ಹೊಡಿ!" ಎಂದು ಕೂಗುತ್ತಿದ್ದವಳು ಮಾತ್ರ ಅವಳೇ.

ದಂಡೆಗೆ ಬಂದು ನಿಂತಾಗ ದುಂಡನೆಯ ಹರಗೋಲು ಕೃಷ್ಣೆಯ ನಡುವಿನಲ್ಲಿತ್ತು. ಅದರಲ್ಲಿ ಇಬ್ಬರು ಅಪರಿಚಿತರು, ಹುಟ್ಟು ಹಾಕುತ್ತಿದ್ದ ಅಂಬಿಗರ ಮರಿಲಿಂಗಪ್ಪ, ಮಿಕ್ಕ ಜಾಗದಲ್ಲಿ ಕುರಿಗಳು. ಕುರಿಗಳ ನಡುವೆ ಕರಿ ಟಗರು ತಲೆ ಎತ್ತಿ ನಿಂತಿತ್ತು.

"ಅವೇ ರೀ! ನನ್ನವೇ!"

ಅಮೋಘಸಿದ್ದ ಸೀಟಿ ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿದ. ವಾರವಾರ ಗಸ್ತಿಗೆ ಬಂದಾಗೆಲ್ಲ ಅಂಬಿಗರ ಜೊತೆ ಕುಳಿತು ಅವನು ಹೇಳುತ್ತಿದ್ದದ್ದು ಒಂದೇ ಮಾತು: ಸೀಟಿ ಕೇಳಿದರೆ ಹರಗೋಲು ಹಿಂದಕ್ಕೆ ತರಬೇಕು. ಮರಿಲಿಂಗಪ್ಪ ತಟ್ಟನೆ ತಿರುಗಿ ನೋಡಿದ.

"ಹಿಂದಕ ತಿರುವಿದ್ರ ಹೊಳ್ಯಾಗ ದೂಡತೀನಿ!" ಎಂದು ಕಳ್ಳರಲ್ಲೊಬ್ಬ ಕೊಡಲಿ ಎತ್ತಿ ಕೂಗಿದ್ದು ದಂಡೆಗೂ ಕೇಳಿಸಿತು.

ಮರಿಲಿಂಗಪ್ಪ ಕಾಲೂರಿ ನಿಂತ. ಹುಟ್ಟನ್ನು ಒಂದೇ ಪಕ್ಕಕ್ಕೆ ಒತ್ತಿ ಹಿಡಿದ. ಹರಗೋಲು ತಿರುಗತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಬುಗುರಿಯ ಹಾಗೆ ಗಿರಗಿರ ಗಿರಗಿರ! ಕೊಡಲಿ ನೀರಿಗೆ ಬಿತ್ತು. ಕಳ್ಳರು ಅಂಚನ್ನು ತಬ್ಬಿಕೊಂಡು "ಯಪ್ಪೋ, ನಿಲ್ಲಸೋ!" ಎಂದು ಒರಲಿದರು. ಕುರಿಗಳು ಅವರ ಮೇಲೆ ರಾಶಿರಾಶಿಯಾಗಿ ಬಿದ್ದವು. ಎಲ್ಲವೂ ಮುಳುಗಿಹೋಗುತ್ತವೆಂದು ಗುರುಲಿಂಗಮ್ಮ ಬಾಯಿ ಬಾಯಿ ಬಡಿದುಕೊಂಡಳು. ಆದರೆ ಹರಗೋಲು ತಿರುಗುತ್ತ ತಿರುಗುತ್ತಲೇ ಈ ದಂಡೆಯ ಕಡೆಗೆ ಸರಿಯುತ್ತಿದ್ದದ್ದು ಕಣ್ಣಿಗೆ ಬಿದ್ದಾಗ ಅವಳ ಅಳು ನಗೆಯಾಯಿತು.

ಅಮೋಘಸಿದ್ದ ನಡುಮಟ್ಟ ನೀರಿಗಿಳಿದು ಹರಗೋಲನ್ನು ಎಳೆದ. ಕಳ್ಳರಿಬ್ಬರೂ ತಲೆ ತಿರುಗಿ ಮರಳಿನ ಮೇಲೆ ಕುಸಿದರು. ಹಿಡಿಯುವುದಕ್ಕೆ ಕಷ್ಟವೇ ಆಗಲಿಲ್ಲ.

"ಸಂತ್ಯಾಗ ಕೊಂಡೀವ್ರಿ" ಎಂದ ಒಬ್ಬ, ಕಣ್ಣು ಮುಚ್ಚಿಕೊಂಡೇ.

ಜಮಾದಾರ ಒಂದೊಂದೇ ಕುರಿಯ ಎಡಗಿವಿ ಮುಟ್ಟಿ ನೋಡಿದ. ಎಲ್ಲವೂ ಸೀಳಿದ್ದವು. ಟಗರಿನ ಹಣೆಯ ಬೊಟ್ಟನ್ನು ತೋರಿಸಿ, "ಇದನ್ನೂ ಸಂತ್ಯಾಗ ಹಚ್ಚಿಸೀರೇನು?" ಎಂದ.

ಗುರುಲಿಂಗಮ್ಮ ಮರಿಲಿಂಗಪ್ಪನ ಕೈ ಹಿಡಿದುಕೊಂಡಳು. "ನಿನ್ನ ಜೀವಕ್ಕ ಹೆದರಲಿಲ್ಲೇನಪ್ಪಾ?"

"ಹೆದರಿದ್ದೆ ಯಕ್ಕಾ. ಆದ್ರ ದಂಡಿ ಮ್ಯಾಲ ಜಮಾದಾರ್ರು ನಿಂತಿದ್ರಲ್ಲ."

ಶಿರವಾಳದ ಕಡೆ ಕಳವಾಗಿದ್ದ ಆಡುಗಳೂ ಈ ಇಬ್ಬರದೇ ಕೆಲಸವೆಂದು ಅವರು ಆಮೇಲೆ ಸುರಪುರ ಠಾಣೆಯಲ್ಲಿ ಒಪ್ಪಿಕೊಂಡರು. ಅಂದು ಮಾತ್ರ ರಂಗಂಪೇಟೆಯ ಮಂದಿಯೆಲ್ಲ ಬೀದಿಗೆ ಬಂದು ನಿಂತಿದ್ದರು. ಟಾಂಗಾದಲ್ಲಿ ಕೈ ಕಟ್ಟಿಸಿಕೊಂಡ ಕಳ್ಳರು, ಪಕ್ಕದಲ್ಲಿ ತೊಯ್ದ ಖಾಕಿಯ ಜಮಾದಾರ. ಹಿಂದೆ ತನ್ನ ಕುರಿಗಳನ್ನು ಹೊಡೆದುಕೊಂಡು, ಸೆರಗು ಜಾರಿದ್ದರ ಪರಿವೆಯೂ ಇಲ್ಲದೆ, ಕಂಡಕಂಡವರಿಗೆಲ್ಲ ಗಟ್ಟಿಯಾಗಿ ಕಥೆ ಹೇಳುತ್ತ ಗುರುಲಿಂಗಮ್ಮ ಬರುತ್ತಿದ್ದಳು.