ಮೂರೇ ಕುರ್ಚಿ

"ಹಿತ್ತಿಲ ಬಾಗಿಲಿಂದ ಹೋಗು. ಒಂದು ಕುರ್ಚಿ ಹಿಂದಿನ ಸಾಲಿನ ನರ್ಸಮ್ಮನ ಮನೇಲಿಟ್ಟು ಬಾ. ಯಾರಾದ್ರೂ ಕೇಳಿದ್ರೆ ಬಾಯಿ ಬಿಡ್ಬೇಡ," ಎಂದರು ಅತ್ತೆ, ಯುದ್ಧದ ರಾತ್ರಿಗಳಲ್ಲಿ ಬೆಳಕು ಹೊರಗೆ ಕಾಣದಂತೆ ಕಪ್ಪು ಕಾಗದ ಅಂಟಿಸಿದ ಕಿಟಕಿಯ ಸಂದಿಯಿಂದ ಕಣ್ಣು ಕೀಳದೆ. ಮಿಲಿಟರಿ ಸ್ಟೋರಿನ ಗುಮಾಸ್ತ ಸಾಮಾನಿನ ಪಟ್ಟಿ ಹಿಡಿದು ಕ್ವಾರ್ಟರ್ಸಿನ ಸಾಲುದ್ದಕ್ಕೂ ನಡೆದು ಬರುತ್ತಿದ್ದ. ಯಾವ ಮನೆ ಮುಂದೆಯೂ ನಿಲ್ಲುತ್ತಿರಲಿಲ್ಲ.

ಸೊಸೆ ಕುರ್ಚಿ ಎತ್ತಿಕೊಂಡು ಓಡಿದಳು. ಯಾಕೆ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಮಿಲಿಟರಿ ಮನೆಯ ಮಂಚ, ಮೇಜು, ಕುರ್ಚಿ ಎಲ್ಲ ಸರ್ಕಾರದ್ದು. ಅವನ್ನು ಎಣಿಸುವುದು ಎರಡೇ ಸಲ, ಮನೆಗೆ ಬಂದಾಗ ಮತ್ತು ಮನೆ ಬಿಡುವಾಗ. ಹಿಂದಿನ ಯುದ್ಧದಲ್ಲಿ ಅತ್ತೆ ಇಂಥದ್ದೇ ಮನೆಯಲ್ಲಿದ್ದರು. ಆಗ ಬಂದ ಗುಮಾಸ್ತ ಸುಮ್ಮನೆ ತಪಾಸಣೆ ಅಂದಿದ್ದನಂತೆ. ಇವರು ಕುರ್ಚಿಗಳನ್ನೆಲ್ಲ ಒರೆಸಿ, ಸಾಲಾಗಿಟ್ಟು, ಎಲ್ಲ ಸರಿಯಿದೆಯೆಂದು ನಗುನಗುತ್ತಾ ಸಹಿ ಹಾಕಿದ್ದರು. ಮೂರನೇ ದಿನ ಮಾವನವರ ಸುದ್ದಿ ಬಂತು. ಆಫೀಸಿನವರಿಗೆ ಅದು ಮೊದಲೇ ಗೊತ್ತಿತ್ತು, ಮನೆ ಖಾಲಿ ಮಾಡಿಸಬೇಕೆಂದೇ ಸಾಮಾನು ಎಣಿಸಿದ್ದರು. "ನಾನು ಸಹಿ ಹಾಕ್ಬಾರ್ದಿತ್ತು ಕಣೇ" ಎಂದು ಅತ್ತೆ ಇವತ್ತಿಗೂ ಹಲುಬುತ್ತಾರೆ, ಆ ಸಹಿಯೇ ಗಂಡನನ್ನು ನುಂಗಿತು ಎಂಬಂತೆ. ಸೊಸೆಗೆ ಮೊದಲೆಲ್ಲ ಒಳಗೊಳಗೇ ನಗು ಬರುತ್ತಿತ್ತು. ಈಗ ಗಂಡ ಲಾರಿ ಓಡಿಸಿಕೊಂಡು ಗಡಿಗೆ ಹೋಗಿ ಐದು ವಾರ. ಹದಿನೇಳು ದಿನದಿಂದ ಕಾಗದವಿಲ್ಲ. ನಗು ಎಲ್ಲಿಂದ ಬರಬೇಕು?

ಅವಳು ತಿರುಗಿ ಬರುವಷ್ಟರಲ್ಲಿ ಗುಮಾಸ್ತ ಒಳಗೆ ನಿಂತಿದ್ದ. ಮಹಾ ಕಿರಿಕಿರಿಯ ಆಸಾಮಿ! ವರ್ಗವಾಗಿ ಹೊರಟಿದ್ದ ಮಿಲಿಟರಿ ದರ್ಜಿಯ ಮನೆಯಲ್ಲಿ ಒಂದು ಬಲ್ಬ್ ಹೋಲ್ಡರ್ ಕಾಣಲಿಲ್ಲವೆಂದು ಅವನ ಹೆಂಡತಿಯ ಕೈಲಿ ಅರ್ಧ ದಿನ ಚರಂಡಿ ಕೆದಕಿಸಿದವನು. ಅಂಥವನು ಇವತ್ತು ಬೆಣ್ಣೆಯಂಥ ದನಿಯಲ್ಲಿ, "ನಲ್ಲೀಲಿ ನೀರು ಚೆನ್ನಾಗಿ ಬರ್ತಿದ್ಯಾಮ್ಮ?" ಎಂದ. ಇವನಿಗ್ಯಾಕೆ ನಮ್ಮನೆ ನೀರಿನ ಚಿಂತೆ?

"ಬಂದಿದ್ದು ಯಾಕೆ, ಅದನ್ನ ಹೇಳಿ," ಎಂದಳು ಸೊಸೆ.

"ಏನಿಲ್ಲಮ್ಮ, ವರ್ಷದ ತಪಾಸಣೆ."

"ಅಕ್ಕಪಕ್ಕದ ಮನೆಗಳಿಗೆ ಇನ್ನೂ ವರ್ಷ ತುಂಬಿಲ್ವೇನಪ್ಪ?" ಎಂದರು ಅತ್ತೆ.

ಅವನು ತಲೆ ಎತ್ತದೆ ಎಣಿಸತೊಡಗಿದ. ಮಂಚ ಎರಡು. ಮೇಜು ಒಂದು. ಕುರ್ಚಿಯ ಹತ್ತಿರ ಬೆರಳು ತಡೆದು ನಿಂತಿತು.

"ಮೂರೇ ಇರೋದು," ಅತ್ತೆ ಸೊಂಟಕ್ಕೆ ಕೈಯಿಟ್ಟರು. "ಒಂದು ಕಡಿಮೆ. ಸಿಗೋ ತನಕ ನಿನ್ನ ಪಟ್ಟಿ ಮುಗಿಯೋ ಹಾಗಿಲ್ಲ, ಅಲ್ವಾ?"

ಇವನು ಬೈಯಲಿ ದೇವರೇ, ಎಂದು ಸೊಸೆ ಬೇಡಿಕೊಂಡಳು. ಹಾರಾಡಲಿ, ಕೂಗಾಡಲಿ, ಸಾಹೇಬರಿಗೆ ದೂರು ಕೊಡ್ತೀನಿ ಅನ್ನಲಿ.

ಗುಮಾಸ್ತ ಕೆಮ್ಮಿದ. "ಇರ್ಲಿ ಬಿಡಿ ಅಮ್ಮ," ಎಂದು ಪಟ್ಟಿಯಲ್ಲಿ ನಾಲ್ಕು ಅಂತಲೇ ಬರೆದ.

"ನಾಲ್ಕು ಹೇಗಾಗುತ್ತೋ? ಮೂರಿದೆ! ಕಣ್ಣು ಬಿಟ್ಟು ನೋಡೋ!" ಅತ್ತೆ ಕೂಗಿಕೊಂಡರು.

ಸಹಿಗೆಂದು ಅವನು ಚಾಚಿದ ಪೆನ್ನನ್ನು ಅತ್ತೆ ಕಸಿದುಕೊಂಡು ಬೆನ್ನ ಹಿಂದೆ ಬಚ್ಚಿಟ್ಟರು. ಗುಮಾಸ್ತ ಪಟ್ಟಿ ಹಿಡಿದುಕೊಂಡು ನಿಂತೇ ಇದ್ದ. ಪೆನ್ನು ಕೊಡಿ ಅಂತಲೂ ಕೇಳಲಿಲ್ಲ.